ಹಾಕ್ಬೇಡ್ರೋ, ಕೈ ಒಳಗದೆ!

ಉತ್ತರ ಕನ್ನಡ ಜಿಲ್ಲೆಯಲ್ಲಿ ಬೀಗಕ್ಕೆ ಬರವಿಲ್ಲ. ಕಾರವಾರದ ಯಾವುದಾದರೂ ಕಚೇರಿಯೊಳಗೆ ಒಂದು ಸುತ್ತು ಹಾಕಿ ಬನ್ನಿ. ಕುಡಿಯುವ ನೀರಿನ ಲೋಟಕ್ಕೆ ಸರಪಳಿ, ಅರ್ಜಿ ಬರೆಯುವ ಪೆನ್ನಿಗೆ ದಾರ, ಬಂದವರು ಕೂರುವ ಕುರ್ಚಿಗಳಿಗೆ ಉದ್ದಕ್ಕೂ ಕಬ್ಬಿಣದ ಪಟ್ಟಿ. ಸಾಹೇಬರ ಶೌಚಾಲಯಕ್ಕೆ ಬೇರೆಯೇ ಬೀಗ, ಆ ಕೀಲಿ ಕಾಯಲು ಬೇರೆಯೇ ಜವಾನ. ಹೊರಗೆ ಬಂದರೆ ದೇವಸ್ಥಾನದ ಹುಂಡಿಗೆ ಎರಡು ಕೀಲಿ, ಎರಡೂ ಇಬ್ಬರು ಟ್ರಸ್ಟಿಗಳ ಬಳಿ. ದೇವರ ಮೇಲೆ ನಂಬಿಕೆ ಇದೆ, ಟ್ರಸ್ಟಿಗಳ ಮೇಲೆ ಅಷ್ಟಿಲ್ಲ. ಇಷ್ಟೆಲ್ಲದರ ನಡುವೆ ಬೀಗ ಕಾಣದ ವಸ್ತು ಒಂದೇ: ಮೆಟ್ಟಿಲ ಕೆಳಗಿನ ಮೇನ್ ಸ್ವಿಚ್ಚು. ಅದರ ಮುಚ್ಚಳ ಸದಾ ತೆರೆದಿರುತ್ತದೆ, ಪಕ್ಕದಲ್ಲಿ ಒಂದು ಕಸಬರಿಗೆ, ಕಳೆದ ಚುನಾವಣೆಯ ರಟ್ಟಿನ ಪೆಟ್ಟಿಗೆ, ಯಾರದೋ ಒದ್ದೆ ಕೊಡೆ. ಮೂರನೇ ಮಹಡಿಯಲ್ಲಿ ಒಬ್ಬ ಏಣಿ ಹತ್ತಿ ತಂತಿ ಬಿಚ್ಚುತ್ತಿರುವಾಗ, ಕೆಳಗೆ ಫ್ಯಾನು ತಿರುಗಲಿಲ್ಲವೆಂಬ ಸಿಟ್ಟಿಗೆ ಯಾರು ಬೇಕಾದರೂ ಬಂದು ಹಿಡಿಕೆ ಎತ್ತಬಹುದು. ಜಾತಿ, ಹುದ್ದೆ, ಪಕ್ಷ ಯಾವುದೂ ಅಡ್ಡಬರುವುದಿಲ್ಲ. ಪ್ರಜಾಪ್ರಭುತ್ವ ಪೂರ್ತಿ ಜಾರಿಯಾಗಿರುವ ಜಾಗ ನಮ್ಮಲ್ಲಿ ಅದೊಂದೇ ಇರಬೇಕು.

ಹಾಗಂತ ಬೀಗ, ಸೀಲು, ಕಾವಲು ಇದ್ದರೆ ಎಲ್ಲ ಉಳಿಯುತ್ತದೆ ಎಂಬ ಭ್ರಮೆಯೂ ಈ ಸೀಮೆಯವರಿಗಿಲ್ಲ. ಅಂಕೋಲಾ ತಾಲೂಕಿನ ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿಟ್ಟ ಕಬ್ಬಿಣದ ಅದಿರು ಲಕ್ಷಗಟ್ಟಲೆ ಟನ್ನು. ಅದೇನು ಪಂಚೆಯ ಸೆರಗಿನಲ್ಲಿ ಕಟ್ಟಿಕೊಂಡು ಹೋಗುವ ಸಾಮಾನಲ್ಲ. ಆದರೂ ಸರ್ಕಾರದ ಕಾವಲಿನಲ್ಲಿದ್ದಾಗಲೇ ಹಡಗು ಹತ್ತಿ ಹೊರಟುಹೋಯಿತು. ಆ ಗಲಾಟೆಯಲ್ಲಿ ಲೋಕಾಯುಕ್ತರು ರಾಜೀನಾಮೆ ಕೊಟ್ಟು, ಮತ್ತೆ ವಾಪಸು ಪಡೆದದ್ದೂ ಆಯಿತು. ಗುಡ್ಡದಷ್ಟು ಅದಿರು ಕಾಯಲಾಗದ ಊರಿನಲ್ಲಿ ಮುನ್ನೂರು ನಾನೂರು ರೂಪಾಯಿಯ ಕೆಂಪು ಬೀಗವೊಂದು ಎಲೆಕ್ಟ್ರಿಶಿಯನ್ನನ ಜೀವ ಕಾಯುತ್ತದೆ ಎಂದರೆ ಜನ ನಗುತ್ತಾರೆ. ನಗಲಿ, ಬೇರೆ ಕಡೆ ಅದು ಕಾದಿದೆ.

ರಿಪೇರಿಯ ಹೊತ್ತಿಗೆ ಸ್ವಿಚ್ಚಿಗೆ ಬೀಗ ಹಾಕುವ ಪದ್ಧತಿಗೆ ದೊಡ್ಡ ಕಾರ್ಖಾನೆಗಳಲ್ಲಿ ಲಾಕೌಟ್-ಟ್ಯಾಗೌಟ್ ಎನ್ನುತ್ತಾರೆ. ಅಮೆರಿಕದಲ್ಲಿ 1989ರಲ್ಲಿ ಇದಕ್ಕೊಂದು ಕಾನೂನೇ ಬಂತು. ಅದರಿಂದ ವರ್ಷಕ್ಕೆ ಸುಮಾರು 120 ಸಾವು, 50,000 ಗಾಯ ತಪ್ಪುತ್ತವೆ ಎಂದು ಅಲ್ಲಿಯವರ ಅಂದಾಜು. ಯಂತ್ರ ರಿಪೇರಿಗೆ ಹೋಗುವವನು ಮೊದಲು ಅದಕ್ಕೆ ಬರುವ ಕರೆಂಟು ತೆಗೆಯಬೇಕು. ತೆಗೆದ ಸ್ವಿಚ್ಚಿಗೆ ತನ್ನದೇ ಬೀಗ ಜಡಿದು, ಕೀಲಿಯನ್ನು ತನ್ನ ಕಿಸೆಯಲ್ಲೇ ಇಟ್ಟುಕೊಳ್ಳಬೇಕು. ಯಾರು, ಯಾಕೆ, ಯಾವಾಗಿನಿಂದ ಎಂದು ಚೀಟಿ ತೂಗುಹಾಕಬೇಕು. ಕೆಲಸಕ್ಕೆ ಆರು ಜನ ಇಳಿದರೆ ಆರು ಕಿಂಡಿಯ ಕೊಂಡಿಗೆ ಆರು ಬೀಗ; ಆರನೆಯವನು ಹೊರಬಂದು ತನ್ನದನ್ನು ತೆಗೆಯುವ ತನಕ ಮ್ಯಾನೇಜರು ಬಂದು ಕುಣಿದರೂ ಯಂತ್ರ ಏಳುವುದಿಲ್ಲ. ಕೊನೆಗೆ ಹಸಿರು ಗುಂಡಿಯನ್ನು ಬೇಕೆಂತಲೇ ಒತ್ತಿ, ಯಂತ್ರ ನಿಜವಾಗಿ ಸತ್ತಿದೆಯೇ ಎಂದು ನೋಡಿದ ಮೇಲಷ್ಟೇ ಕೈ ಒಳಗೆ.

ಈ ಪದ್ಧತಿ ನಮಗೆ ಸೇರದಿರುವುದಕ್ಕೆ ಕಾರಣ ದುಡ್ಡಲ್ಲ, ಮರ್ಯಾದೆ. ಸ್ವಿಚ್ಚಿಗೆ ಬೀಗ ಹಾಕಿದರೆ ಪಕ್ಕದಲ್ಲಿ ನಿಂತವನಿಗೆ ಅವಮಾನ. ‘ಏನು, ನನ್ನ ಮೇಲೆ ನಂಬಿಕೆ ಇಲ್ವಾ?’ ಎಂದು ಮುಖ ಊದಿಸುತ್ತಾನೆ. ಆದ್ದರಿಂದ ನಮ್ಮಲ್ಲಿ ರಿಪೇರಿ ನಡೆಯುವುದು ನಂಬಿಕೆಯ ಮೇಲೆ, ಕೂಗಿನ ಮೇಲೆ. ‘ಹಾಕ್ಬೇಡ್ರೋ, ಕೈ ಒಳಗದೆ!’ ಎಂದು ಒಳಗಿನಿಂದ ಒಂದು ಕೂಗು. ‘ಹೋ!’ ಎಂದು ಹೊರಗಿನಿಂದ ಒಂದು ಉತ್ತರ. ಆ ‘ಹೋ’ ಅಂದವನು ಆಮೇಲೆ ಚಾ ಕುಡಿಯಲು ಹೋಗಬಹುದು, ಪಾಳಿ ಮುಗಿದು ಮನೆಗೇ ಹೋಗಬಹುದು. ಮುಂದಿನ ಪಾಳಿಯವನು ಕೂಗು ಕೇಳಿಸಿಕೊಂಡವನಲ್ಲ. ಅವನಿಗೆ ಕಾಣುವುದು ನಿಂತ ಯಂತ್ರ, ಮುಂದಿರುವ ಹಸಿರು ಗುಂಡಿ.

ಬೈತಖೋಲದ ಮೀನುಗಾರಿಕೆ ಬಂದರಿನ ಕಡೆ ಬನ್ನಿ, ಜೂನ್ ತಿಂಗಳಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ 61 ದಿನ ನಿಷೇಧ. ಬೋಟುಗಳು ದಡ ಸೇರುತ್ತವೆ, ಐಸ್ ಪ್ಲಾಂಟುಗಳಿಗೆ ಪುರುಸೊತ್ತು ಸಿಗುತ್ತದೆ. ಹತ್ತು ತಿಂಗಳು ಮುಂದೂಡಿದ ರಿಪೇರಿಗಳೆಲ್ಲ ಈಗ. ಅಂದರೆ ಕಾರವಾರದ ಆಕಾಶ ತೂತು ಬಿದ್ದಂತೆ ಸುರಿಯುವ, ವರ್ಷದಲ್ಲೇ ಅತಿ ಒದ್ದೆಯಾದ ಎರಡು ತಿಂಗಳನ್ನೇ ನಾವು ವಿದ್ಯುತ್ ರಿಪೇರಿಗೆ ಆರಿಸಿಕೊಂಡಿದ್ದೇವೆ. ಮೀನು ಮರಿ ಹಾಕುವ ಕಾಲವೆಂದು ಮೀನಿಗೆ ರಕ್ಷಣೆ ಕೊಟ್ಟಿದೆ ಸರ್ಕಾರ. ಅದೇ ಕಾಲದಲ್ಲಿ ದಡದ ಮೇಲೆ ಬೋಟಿನ ತಳಕ್ಕೆ ವೆಲ್ಡಿಂಗ್ ಮಾಡುವವನು, ಸಿಪ್ಪೆ ಸುಲಿದ ಕೇಬಲನ್ನು ಮರಳಿನ ಹೊಂಡದ ನೀರಿನಲ್ಲಿ ಎಳೆದುಕೊಂಡು ಓಡಾಡುತ್ತಿರುತ್ತಾನೆ. ಅವನ ಸಂತತಿಯ ಬಗ್ಗೆ ಅಧಿಸೂಚನೆ ಬಂದಿಲ್ಲ.

ಐಸ್ ಪ್ಲಾಂಟಿನೊಳಗೆ ಏನಿರುತ್ತದೆ ಎಂದು ಗೊತ್ತಿಲ್ಲದವರಿಗೆ: ಉಪ್ಪುನೀರಿನ ದೊಡ್ಡ ತೊಟ್ಟಿ, ಅದರಲ್ಲಿ ಸಾಲು ಸಾಲು ಕ್ಯಾನು, ಅಮೋನಿಯಾ ಕಂಪ್ರೆಸರು, ಕ್ಯಾನು ಎತ್ತುವ ಮೋಟಾರು, ಮಂಜುಗಡ್ಡೆ ಪುಡಿಮಾಡುವ ಕ್ರಷರು. ನೆಲ ಎಂದೂ ಒಣಗುವುದಿಲ್ಲ. ಬರಿಗಾಲು, ಹೆಚ್ಚೆಂದರೆ ಹವಾಯಿ ಚಪ್ಪಲಿ. ಇಲ್ಲಿಂದ ಸ್ವಲ್ಪ ದಕ್ಷಿಣಕ್ಕೆ ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆಯಲ್ಲಿ ಬೇಕಾದಷ್ಟು ಖರ್ಚು ಮಾಡಿ ಉಪ್ಪುನೀರಿಗೆ ಕರೆಂಟು ಹಾಯಿಸುತ್ತಾರೆ, ಅದೇ ಅವರ ಉದ್ಯೋಗ. ಐಸ್ ಪ್ಲಾಂಟಿನಲ್ಲಿ ಈ ಕೆಲಸ ಪುಕ್ಕಟೆ, ತಾನಾಗಿಯೇ ಆಗುತ್ತದೆ.

ಕ್ರಷರು ಕಚ್ಚಿಕೊಂಡಿದೆ ಎಂದುಕೊಳ್ಳಿ. ಹಲ್ಲುಗಳ ನಡುವೆ ಗಡ್ಡೆ ಸಿಕ್ಕಿದೆ, ಹುಡುಗ ಕೈ ಹಾಕಿ ತೆಗೆಯಬೇಕು. ಹೊಸದಾಗಿ ಐಟಿಐ ಮುಗಿಸಿ ಬಂದವನಾದರೆ ಕೇಳುತ್ತಾನೆ:

‘ಸೇಟ್ರೇ, ಮೇನ್ ತೆಗ್ದು ಒಂದು ಬೀಗ ಹಾಕುವಾ?’

‘ಅಲ್ದಾ ತಮ್ಮಾ, ಇಷ್ಟು ವರ್ಷದಾಗೆ ಏನಾರೂ ಆಗದೆಯನಾ? ನಾ ಇಲ್ಲೇ ಗುಂಡಿ ಹತ್ರ ನಿಂತ್ಕಳ್ತೆ. ನೀ ಧೈರ್ಯದಾಗೆ ಕೈ ಹಾಕು.’

ಸೇಟರು ನಿಲ್ಲುತ್ತಾರೆ, ಸುಳ್ಳಲ್ಲ. ಒಳ್ಳೆಯ ಮನುಷ್ಯ, ಹುಡುಗನ ತಂಗಿಯ ಮದುವೆಗೆ ಅಡ್ವಾನ್ಸು ಕೊಟ್ಟವರು. ಆದರೆ ಅವರ ಕಿಸೆಯಲ್ಲಿ ಫೋನಿದೆ. ಮಡಗಾಂವಿನಿಂದ ಲಾರಿಯವನು ಕರೆ ಮಾಡುತ್ತಾನೆ, ಒಳಗೆ ಕೇಳುವುದಿಲ್ಲವೆಂದು ಅವರು ಅಂಗಳಕ್ಕೆ ಹೋಗುತ್ತಾರೆ. ಮುಂದಿನದ್ದನ್ನು ಬರೆಯುವ ಅಗತ್ಯವಿಲ್ಲ. ವರ್ಷಕ್ಕೊಮ್ಮೆಯಾದರೂ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು ಬರುತ್ತದೆ, ಊರಿನ ಹೆಸರು ಮಾತ್ರ ಬದಲು.

ಕಾನೂನು ಇಲ್ಲವೇ ಎಂದು ಕೇಳಬೇಡಿ, ಧಾರಾಳವಾಗಿದೆ. 1948ರ ಕಾರ್ಖಾನೆ ಕಾಯ್ದೆ ಪ್ರಕಾರ ಕರೆಂಟು ಬಳಸುವ ಜಾಗದಲ್ಲಿ ಹತ್ತು ಜನ ದುಡಿದರೆ ಅದು ಕಾರ್ಖಾನೆ ಎನಿಸುತ್ತಿತ್ತು. ಅದಕ್ಕೇ ನಮ್ಮ ಕರಾವಳಿಯ ಸಣ್ಣ ಉದ್ಯಮಗಳ ಮಸ್ಟರಿನಲ್ಲಿ ಒಂಬತ್ತು ಜನ. ಹತ್ತನೆಯವನು ಸೇಟರ ಅಳಿಯ, ಹನ್ನೊಂದನೆಯವನು ‘ಸುಮ್ನೆ ಮಾತಾಡೂಕೆ ಬಂದವ್ನು’, ಹನ್ನೆರಡನೆಯವನು ಒಡಿಶಾದಿಂದ ಬಂದವನು, ಅವನ ಹೆಸರು ಬರೆಯಲು ಬರಲಿಲ್ಲ. ಈ ಕಷ್ಟವನ್ನು ದಿಲ್ಲಿಯವರೂ ಅರ್ಥಮಾಡಿಕೊಂಡಿದ್ದಾರೆ. 2020ರಲ್ಲಿ ಪಾಸಾದ ಕಾರ್ಮಿಕ ಸುರಕ್ಷತಾ ಸಂಹಿತೆ ಹತ್ತನ್ನು ಇಪ್ಪತ್ತಕ್ಕೆ ಏರಿಸಿತು. ಇನ್ನು ಮುಂದೆ ಹತ್ತೊಂಬತ್ತು ಜನರನ್ನು ಕದ್ದುಮುಚ್ಚಿ ಇಡಬೇಕಾಗಿಲ್ಲ, ರಾಜಾರೋಷವಾಗಿ ಇಡಬಹುದು. ಕರೆಂಟಿಗೆ ಮಾತ್ರ ಮಸ್ಟರು ಓದಲು ಬರುವುದಿಲ್ಲ.

ಇಲ್ಲೊಂದು ಮಾತು ನ್ಯಾಯವಾಗಿ ಹೇಳಬೇಕು. ನಮ್ಮ ಹಳೆಯ ಎಲೆಕ್ಟ್ರಿಶಿಯನ್ನರು ಈ ಬೀಗದ ವಿದ್ಯೆಯನ್ನು ಅಮೆರಿಕಕ್ಕಿಂತ ಮೊದಲೇ ಬಲ್ಲವರು. ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸಿನ ಕಾಲ ಅದು. ಅವರು ಕೆಲಸಕ್ಕೆ ಮುಂಚೆ ಫ್ಯೂಸ್ ಕಿತ್ತು ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಫ್ಯೂಸು ಕಿಸೆಯಲ್ಲಿ, ಕಿಸೆ ಮೈಮೇಲೆ, ಮೈ ಕಂಬದ ಮೇಲೆ. ಅವನು ಇಳಿದು ಬಂದು ಸಿಕ್ಕಿಸುವ ತನಕ ಕರೆಂಟು ಬರುವಂತಿಲ್ಲ. ತನ್ನ ಬೀಗ, ತನ್ನ ಕೀಲಿ ಎಂದರೆ ಇದೇ ತಾನೆ? ಒಂದು ಪೈಸೆ ಖರ್ಚಿಲ್ಲ, ಯಾರಿಗೂ ಅವಮಾನವಿಲ್ಲ. ಆಮೇಲೆ ಪ್ರಗತಿ ಬಂತು. ಗೋಡೆಯ ಮೇಲೆ ಅಂದವಾದ ಎಂಸಿಬಿ ಬಂತು. ಎಂಸಿಬಿಯನ್ನು ಕಿತ್ತು ಕಿಸೆಗೆ ಹಾಕಿಕೊಳ್ಳಲು ಬರುವುದಿಲ್ಲ, ಕೆಳಗೆ ಒತ್ತಬಹುದು ಅಷ್ಟೆ. ಕೆಳಗೆ ಒತ್ತಿದ್ದನ್ನು ಕಿರುಬೆರಳಿನಿಂದ ಮೇಲೆತ್ತಬಹುದು, ಆಟವಾಡುವ ಮಗುವೂ ಎತ್ತೀತು. ಎಂಸಿಬಿ ಮಾಡಿದವರಿಗೆ ಇದು ಗೊತ್ತು, ಅದಕ್ಕೇ ಅದರ ಹಿಡಿಕೆಗೆ ಕೂರಿಸುವ ಬೀಗದ ಕ್ಲಿಪ್ಪನ್ನೂ ಮಾಡಿ ಮಾರುತ್ತಾರೆ. ನಾವು ಎಂಸಿಬಿ ತಂದೆವು, ಕ್ಲಿಪ್ಪನ್ನು ಅಂಗಡಿಯಲ್ಲೇ ಬಿಟ್ಟು ಬಂದೆವು.

ಇನ್ನು ‘ನಮ್ಮಲ್ಲಿ ಎಂಸಿಬಿ ಇದೆ, ಏನಾದರೂ ಆದರೆ ಟ್ರಿಪ್ ಆಗ್ತದೆ’ ಎಂಬ ವಿದ್ಯಾವಂತರ ಧೈರ್ಯವಂತೂ ಇನ್ನೂ ಚೆಂದ. ಎಂಸಿಬಿ ಇರುವುದು ತಂತಿ ಸುಡದಂತೆ ಕಾಯಲಿಕ್ಕೆ, ಮನುಷ್ಯನನ್ನು ಕಾಯುವುದು ಅದರ ಕೆಲಸವಲ್ಲ. ಎದೆಬಡಿತ ಕೆಡಿಸಲು ಒಂದು ಆಂಪಿಯರಿನ ಹತ್ತನೇ ಒಂದು ಭಾಗ ಸಾಕು. 230 ವೋಲ್ಟಿನ ಲೆಕ್ಕದಲ್ಲಿ ಅದು ಇಪ್ಪತ್ತಮೂರು ವ್ಯಾಟು. 16 ಆಂಪಿಯರಿನ ಎಂಸಿಬಿಯ ಕಣ್ಣಿಗೆ ಸಾಯುತ್ತಿರುವ ಮನುಷ್ಯನೆಂದರೆ ಯಾರೋ ಒಂದು ಸಣ್ಣ ಬಲ್ಬು ಹೊತ್ತಿಸಿದ ಹಾಗೆ. ಅದು ಯಾಕೆ ಬೀಳಬೇಕು? ಮನುಷ್ಯನಿಗೆಂದೇ ಇರುವುದು ಆರ್‌ಸಿಸಿಬಿ. 30 ಮಿಲಿಆಂಪಿಯರು ದಾರಿ ತಪ್ಪಿ ಭೂಮಿಗೆ ಸೋರಿದರೂ ಕಣ್ಣು ಮಿಟುಕಿಸುವುದರೊಳಗೆ ಕಡಿಯುತ್ತದೆ. ಆದರೆ ನಮ್ಮ ಮಳೆಗಾಲದಲ್ಲಿ ಗೋಡೆಗಳೇ ಸೋರುವುದರಿಂದ ಅದು ಮೇಲಿಂದ ಮೇಲೆ ಬೀಳುತ್ತದೆ. ಬಿದ್ದರೆ ಸೋರಿಕೆ ಹುಡುಕಬೇಕು ತಾನೆ? ನಾವು ಅದನ್ನೇ ಬೈಪಾಸ್ ಮಾಡುತ್ತೇವೆ. ಬೊಗಳುವ ನಾಯಿಯಿಂದ ನಿದ್ದೆ ಕೆಡುತ್ತದೆಂದು ನಾಯಿಯನ್ನೇ ಕೊಟ್ಟುಬಿಟ್ಟ ಮನೆಯವರ ಜಾಣತನ ಇದು.

ಲೈನಿನ ಮೇಲೆ ಕೆಲಸ ಮಾಡುವವರದ್ದು ಬೇರೆಯೇ ಲೋಕ. ಅಲ್ಲಿ ಎಲ್.ಸಿ. ಎಂಬುದಿದೆ, ಲೈನ್ ಕ್ಲಿಯರ್. ಸಬ್‌ಸ್ಟೇಷನ್ನಿನವರು ಫೀಡರ್ ತೆಗೆದು, ಬರವಣಿಗೆಯಲ್ಲಿ ಎಲ್.ಸಿ. ಕೊಡಬೇಕು, ಲೈನ್‌ಮನ್ ಕಂಬ ಹತ್ತುವ ಮೊದಲು ತಂತಿಯಲ್ಲಿ ಕರೆಂಟಿಲ್ಲವೆಂದು ನೋಡಿ, ಎರಡೂ ಕಡೆ ಅರ್ಥ್ ರಾಡು ಹಾಕಬೇಕು, ಎಲ್.ಸಿ. ತೆಗೆದುಕೊಂಡವನೇ ವಾಪಸು ಕೊಟ್ಟ ಮೇಲಷ್ಟೇ ಲೈನು ಚಾರ್ಜು. ತಂತಿ ಮುಟ್ಟುವ ಮುನ್ನ ಅದನ್ನು ಭೂಮಿಗೆ ಸೇರಿಸಿ ನಿಶ್ಶಕ್ತಗೊಳಿಸಬೇಕು ಎಂದು 1956ರ ವಿದ್ಯುತ್ ನಿಯಮ ಹೇಳಿತ್ತು. 2010ರಲ್ಲಿ ಹೊಸ ನಿಯಮ ಬಂತು, 2023ರಲ್ಲಿ ಅದಕ್ಕಿಂತ ಹೊಸತು ಬಂತು. ಪುಸ್ತಕದಲ್ಲಿ ಮೂರು ಬಾರಿ ಜನ್ಮವೆತ್ತಿದ ಈ ಮಾತಿಗೆ ಕಂಬದ ಮೇಲೆ ಇನ್ನೂ ಒಂದು ಜನ್ಮ ಬಾಕಿ.

ಅಂಕೋಲಾದ ಗಟ್ಟದ ಬುಡಕ್ಕೆ, ಹಿಲ್ಲೂರು, ಅಚವೆ, ಡೊಂಗ್ರಿ ಕಡೆ ಆಷಾಢದ ಗಾಳಿಗೆ ಮರ ಬಿದ್ದು ಲೈನು ಹರಿದಿದೆ ಎನ್ನಿ. ಬರವಣಿಗೆಯ ಎಲ್.ಸಿ. ಬೇಕೆಂದರೆ ಸಬ್‌ಸ್ಟೇಷನ್ನಿಗೆ ಹೋಗಿಬರಬೇಕು, ರಸ್ತೆಗೆ ಅಡ್ಡ ಅದೇ ಮರ ಬಿದ್ದಿದೆ. ಹಾಗಾಗಿ ಫೋನು. ‘ಅಣ್ಣಾ, ಲೈನ್ ತೆಗಿ.’ ‘ತೆಗ್ದೆ, ಹತ್ತು.’ ಹತ್ತಿದ. ಈಗ ಊರಿಗೆಲ್ಲ ಕರೆಂಟಿಲ್ಲ. ಊರಿನ ಮೊಬೈಲ್ ಟವರಿಗೂ ಇಲ್ಲ. ಟವರಿನ ಬ್ಯಾಟರಿ ಸ್ವಲ್ಪ ಹೊತ್ತು ಏದುಸಿರು ಬಿಟ್ಟು ಮಲಗುತ್ತದೆ. ಕಂಬದ ಮೇಲಿರುವವನು ‘ಇನ್ನೂ ಅರ್ಧ ಗಂಟೆ ಬೇಕು’ ಎಂದು ಹೇಳಬೇಕಾದ ಫೋನು ಆತನ ಕಿಸೆಯಲ್ಲಿ ಬರೀ ಗಡಿಯಾರವಾಗಿದೆ. ಅತ್ತ ಸಬ್‌ಸ್ಟೇಷನ್ನಿನಲ್ಲಿ ಪಾಳಿ ಬದಲಾಗಿದೆ. ಪಂಚಾಯತಿ ಸದಸ್ಯರಿಂದ ಹಿಡಿದು ಶಾಸಕರ ಆಪ್ತರವರೆಗೆ ‘ಕರೆಂಟು ಯಾವಾಗ ಬರ್ತದೆ’ ಎಂಬ ಕರೆಗಳು. ಅವರ ಫೋನುಗಳಿಗೆ ಮಾತ್ರ ನೆಟ್‌ವರ್ಕು ಅದು ಹೇಗೋ ಸಿಗುತ್ತದೆ. ಲೈನು ಹಾಕುವ ತೀರ್ಮಾನ ಹೊಸ ಪಾಳಿಯವನದ್ದು. ಅವನ ಬಳಿ ಇರುವುದು ಒಂದು ರಿಜಿಸ್ಟರು, ಅದರಲ್ಲಿ ಫೋನಿನ ಮಾತು ದಾಖಲಾಗಿರುವುದಿಲ್ಲ.

ಇನ್ನು ಫೀಡರ್ ಸರಿಯಾಗಿ ತೆಗೆದಿದ್ದರೂ ಸಾವು ಹಿತ್ತಲ ಬಾಗಿಲಿನಿಂದ ಬರಬಹುದು. ಊರಿನಲ್ಲಿ ಯಾರದ್ದೋ ಮದುವೆ ಮನೆ, ಬಾಡಿಗೆ ಜನರೇಟರು. ಚೇಂಜ್‌ಓವರ್ ಸ್ವಿಚ್ಚು ದುಬಾರಿಯೆಂದು ಜನರೇಟರಿನ ತಂತಿಯನ್ನು ನೇರ ಮನೆಯ ಸಾಕೆಟ್ಟಿಗೆ, ಬೆಂಕಿಕಡ್ಡಿ ಒತ್ತಿ ಸಿಕ್ಕಿಸಿದ್ದಾರೆ. ಆ ಕರೆಂಟು ಮದುವೆ ಮನೆಯಲ್ಲೇ ಊಟಕ್ಕೆ ಕೂರುವುದಿಲ್ಲ. ಮೀಟರು ದಾಟಿ ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ ಹೋಗುತ್ತದೆ, ಟಿಸಿ ತನ್ನ ಧರ್ಮವನ್ನು ತಿರುವುಮುರುವಾಗಿ ಪಾಲಿಸಿ 230 ವೋಲ್ಟನ್ನು ಸಾವಿರಗಟ್ಟಲೆ ವೋಲ್ಟು ಮಾಡಿ 11 ಕೆವಿ ತಂತಿಗೆ ಬಿಡುತ್ತದೆ. ‘ಲೈನು ಸತ್ತಿದೆ’ ಎಂದುಕೊಂಡು ಕಂಬದ ಮೇಲೆ ಕುಳಿತವನಿಗೆ, ಮದುವೆ ಮನೆಯ ವಾಲಗ ಕೇಳುತ್ತಿದ್ದರೂ, ಅದು ತನ್ನ ಕಡೆಗೇ ಬರುತ್ತಿದೆಯೆಂದು ತಿಳಿಯುವುದಿಲ್ಲ. ಎರಡೂ ಕಡೆ ಅರ್ಥ್ ರಾಡು ಹಾಕಿ ಎಂದು ನಿಯಮ ಬಡಿದುಕೊಳ್ಳುವುದು ಇದಕ್ಕೇ.

ಹಿತ್ತಲ ಬಾಗಿಲಿನ ಮಹಿಮೆ ಕೈಗಾ ಅಣುಸ್ಥಾವರದವರಿಗೂ ಗೊತ್ತು. 2009ರ ನವೆಂಬರಿನಲ್ಲಿ ಅಲ್ಲಿನ ನೌಕರರು ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ ಬೆರೆತ ಭಾರಜಲ ಸೇರಿಸಿದರು. ಐವತ್ತಕ್ಕೂ ಹೆಚ್ಚು ಜನರ ಮೂತ್ರಪರೀಕ್ಷೆಯಲ್ಲಿ ಅದು ಗೊತ್ತಾಯಿತು. ಕೂಲರಿನ ಮುಚ್ಚಳಕ್ಕೆ ಬೀಗವಿತ್ತು, ಓವರ್‌ಫ್ಲೋ ನಳಿಕೆಯಿಂದ ಸೇರಿಸಿರಬೇಕು ಎಂದು ಮೇಲಿನವರು ಹೇಳಿದರು. ಬೀಗ ಹಾಕುವಾಗ ಎಲ್ಲ ದಾರಿಗೂ ಹಾಕಬೇಕೆಂಬ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಕಾರವಾರ ತಾಲೂಕಿಗೆ ಬೇಕಿಲ್ಲ.

ಆದರೆ ಕೈಗಾವನ್ನು ಬರೀ ಅದೊಂದಕ್ಕೆ ನೆನೆಯುವುದು ಅನ್ಯಾಯ. ಅಲ್ಲಿನ ಒಂದನೇ ಘಟಕ 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ಓಡಿ ವಿಶ್ವದಾಖಲೆ ಮಾಡಿತು. ಅದೇ ತಾಲೂಕಿನ ಮನೆಗಳಲ್ಲಿ ಮಳೆಗಾಲದಲ್ಲಿ 962 ನಿಮಿಷ ಬಿಡದೆ ಕರೆಂಟಿದ್ದರೆ ಅಕ್ಕಪಕ್ಕದವರು ಕರೆದು ತೋರಿಸುತ್ತಾರೆ. ನಾಲ್ಕು ಘಟಕ ಸೇರಿ 880 ಮೆಗಾವ್ಯಾಟು, ಪಕ್ಕದ ಕದ್ರಾ ಜಲಾಶಯದ ಬುಡದಲ್ಲಿ 150. ಕಾಡು, ಗದ್ದೆ, ಮನೆ ಬಿಟ್ಟುಕೊಟ್ಟವರ ತಲೆಯ ಮೇಲಿಂದಲೇ ದೊಡ್ಡ ತಂತಿಗಳು ಗಟ್ಟ ಹತ್ತುತ್ತವೆ. ಇದು ಬೇರೆ ಹಾಡು, ಇಲ್ಲಿ ಬೇಡ.

ಇಲ್ಲಿ ಬೇಕಾದ್ದು ಗುತ್ತಿಗೆ ಕೆಲಸಗಾರ. ಮಲ್ಲಾಪುರದ ಕಡೆಯಿಂದ ಬೆಳಗ್ಗೆ ಬಸ್ಸು ಹತ್ತಿ ಅಣುಸ್ಥಾವರದ ಗೇಟಿನೊಳಗೆ ಹೋಗುವ ಫಿಟ್ಟರನ್ನು ಯೋಚಿಸಿ. ಒಳಗೆ ಪರ್ಮಿಟ್ ಇಲ್ಲದೆ ಅವನು ಒಂದು ನಟ್ಟು ಮುಟ್ಟುವಂತಿಲ್ಲ. ಸ್ವಿಚ್ಚಿಗೆ ಚೀಟಿ ಬಿದ್ದಿದೆಯೇ, ಕರೆಂಟು ನಿಜವಾಗಿ ಹೋಗಿದೆಯೇ ಎಂದು ನೋಡದೆ ಅವನ ಕೈ ಮುಂದಕ್ಕೆ ಹೋಗುವುದಿಲ್ಲ. ಹೋದರೆ ಮರುದಿನ ಗೇಟು ತೆರೆಯುವುದಿಲ್ಲ. ಅದೇ ಮನುಷ್ಯ ಶನಿವಾರ ರಾತ್ರಿ ಊರಿನ ಯಕ್ಷಗಾನದ ರಂಗಸ್ಥಳಕ್ಕೆ ಲೈಟು ಕಟ್ಟಲು ಬಂದರೆ, ಸರ್ವಿಸ್ ತಂತಿಗೆ ಕೊಕ್ಕೆ ಹಾಕಿ, ಒದ್ದೆ ಬಿದಿರು ಹಿಡಿದುಕೊಂಡು, ಬಾಯಲ್ಲಿ ತಂತಿಯ ಸಿಪ್ಪೆ ಸುಲಿಯುತ್ತಾನೆ. ವಿದ್ಯೆ ಅದೇ, ಕೈ ಅದೇ, ತಲೆಯೂ ಅದೇ. ಕೊಂಕಣ ರೈಲ್ವೆಯಲ್ಲೂ ನೋಡಿ. ಸುಮಾರು 740 ಕಿಲೋಮೀಟರಿನ ಆ ದಾರಿ ಪೂರ್ತಿ ವಿದ್ಯುದೀಕರಣವಾಗಿ 2022ರ ಜೂನಿನಲ್ಲಿ ಲೋಕಾರ್ಪಣೆಯಾಯಿತು. ಅಂಕೋಲಾ, ಕಾರವಾರ ನಿಲ್ದಾಣಗಳ ಮೇಲೆ ಈಗ 25,000 ವೋಲ್ಟು ಹರಿಯುತ್ತದೆ. ಪವರ್ ಬ್ಲಾಕ್ ತೆಗೆದುಕೊಳ್ಳದೆ, ಅರ್ಥ್ ಮಾಡದೆ ಆ ತಂತಿಯ ಹತ್ತಿರ ಹೋಗಲು ಅವರು ಬಿಡುವುದಿಲ್ಲ. ‘ನಮ್ಮ ಜನರ ಮನೋಭಾವವೇ ಹೀಗೆ, ಏನೂ ಮಾಡಲಾಗದು’ ಎಂದು ವೇದಿಕೆಯ ಮೇಲೆ ನಿಟ್ಟುಸಿರು ಬಿಡುವವರಿಗೆ ನನ್ನ ಉತ್ತರ ಇದೇ. ಮನೋಭಾವ ಗೇಟಿನ ಒಳಗೆ ಹೋದಾಗ ಬದಲಾಗುತ್ತದೆ, ಹೊರಗೆ ಬಂದಾಗ ಮತ್ತೆ ಬದಲಾಗುತ್ತದೆ. ಒಳಗೆ ಬೀಗ ಕೊಡುವವನಿದ್ದಾನೆ, ಕೇಳುವವನೂ ಇದ್ದಾನೆ. ಹೊರಗೆ ಇಬ್ಬರೂ ಇಲ್ಲ. ಮುನ್ನೂರು ರೂಪಾಯಿಯನ್ನು ಮನೋಭಾವದ ಲೆಕ್ಕಕ್ಕೆ ಬರೆದರೆ ಖರ್ಚು ಉಳಿಯುತ್ತದೆ, ಅಷ್ಟೇ ಅದರ ಗುಟ್ಟು.

ಜಾಗೃತಿಯಲ್ಲಿ ಮಾತ್ರ ನಾವು ಹಿಂದೆ ಬಿದ್ದವರಲ್ಲ. ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ. 2021ರಿಂದ ಅದೇ ದಿನ ಲೈನ್‌ಮನ್ ದಿವಸವೂ ಹೌದು. ಶಾಲು, ಹಾರ, ಒಂದು ಸ್ಟೀಲಿನ ಪಾತ್ರೆ. ಲೈನ್‌ಮನ್ನನನ್ನು ಕುರ್ಚಿಯ ಮೇಲೆ ಕೂರಿಸಿ ‘ನೀವೇ ನಮ್ಮ ಬೆಳಕು’ ಎನ್ನುತ್ತಾರೆ. ಬ್ಯಾನರನ್ನು ಲೈಟು ಕಂಬಕ್ಕೆ ತಂತಿಯಿಂದ ಕಟ್ಟಿರುತ್ತಾರೆ. ರಬ್ಬರಿನ ಕೈಗವಸನ್ನೂ ಆ ದಿನ ಸ್ಟೋರಿನಿಂದ ತಂದು, ಫೋಟೋ ತೆಗೆದು, ಸವೆಯದಂತೆ ಜೋಪಾನವಾಗಿ ಒಳಗಿಡುತ್ತಾರೆ. ನಿಯಮದ ಪ್ರಕಾರ ಗೋಡೆಯ ಮೇಲೆ ಶಾಕ್ ಹೊಡೆದವರಿಗೆ ಪ್ರಥಮ ಚಿಕಿತ್ಸೆಯ ಪಟ ಸ್ಥಳೀಯ ಭಾಷೆಯಲ್ಲೂ ಇರಬೇಕು. ಇರುತ್ತದೆ, ಗೋದ್ರೇಜ್ ಕಪಾಟಿನ ಹಿಂದೆ. ಶುದ್ಧವಾದ ಒಣ ಮರಳು ತುಂಬಿದ ಬೆಂಕಿ ಬಕೆಟ್ಟೂ ಇರಬೇಕು. ಕಾಳಿ, ಗಂಗಾವಳಿ ನದಿಗಳ ಮರಳಿಗೆ ಜಿಲ್ಲೆಯಲ್ಲಿ ಎಷ್ಟು ರಗಳೆಯೆಂಬುದು ಮನೆ ಕಟ್ಟಿಸಿದವರಿಗೆ ಗೊತ್ತು. ಬಕೆಟ್ಟಿನ ಮರಳು ಯಾರ ಅಂಗಳಕ್ಕೆ ಹೋಯಿತೋ, ಈಗ ಅದರಲ್ಲಿರುವುದು ಎಲೆಯಡಿಕೆಯ ಉಗುಳು. ಬೆಂಕಿ ಬಿದ್ದರೆ ಅದೂ ಕೆಂಪೇ.

ದೇಶದಲ್ಲಿ ವಿದ್ಯುತ್ ತಗುಲಿ ಸಾಯುವವರು ವರ್ಷಕ್ಕೆ ಹನ್ನೆರಡು ಸಾವಿರಕ್ಕೂ ಹೆಚ್ಚು, ಇದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕ. ದಿನಕ್ಕೆ ಮೂವತ್ತಕ್ಕೂ ಮೇಲೆ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟನ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋದ ಮೂವರು ಹುಡುಗರು ತಂತಿ ತಗುಲಿ ಸತ್ತರು. ಮರುದಿನ ನಟ ಬಂದ, ಕ್ಯಾಮೆರಾ ಬಂತು. ಕ್ರಷರಿನಲ್ಲಿ ಕೈ ಕೊಟ್ಟವನ ಮನೆಗೆ ಬರುವುದು ವಿಚಾರಣೆಯ ಕಾಗದ ಮಾತ್ರ.

ಆ ಕಾಗದದ ಕಥೆಯೂ ಕೇಳುವಂಥದ್ದೇ. ಸಾವಾದರೆ 24 ಗಂಟೆಯೊಳಗೆ ತಿಳಿಸಬೇಕು, ವಿದ್ಯುತ್ ಪರಿವೀಕ್ಷಕರು ಬಂದು ನೋಡಬೇಕು. ಅವರು ಬರುವಷ್ಟರಲ್ಲಿ ಸ್ವಿಚ್‌ಬೋರ್ಡಿಗೆ ಹೊಸ ಮುಚ್ಚಳ, ನೆಲಕ್ಕೆ ರಬ್ಬರ್ ಮ್ಯಾಟು, ಗೋಡೆಗೆ ‘ಅಪಾಯ’ದ ತಲೆಬುರುಡೆ. ಕೆಲವೆಡೆ ಪ್ಯಾನೆಲ್ ರೂಮಿಗೆ ದಪ್ಪನೆಯ ಬೀಗವೂ ಬೀಳುತ್ತದೆ, ಅದರ ಕೀಲಿ ಕುಮಟೆಯಲ್ಲಿರುವ ಮ್ಯಾನೇಜರ ಕಾರಿನಲ್ಲಿ. ಮುಂದಿನ ಸಲ ಯಾರಾದರೂ ತಂತಿಗೆ ಅಂಟಿಕೊಂಡರೆ ಮೇನ್ ತೆಗೆಯಲು ಕುಮಟೆಯಿಂದ ಕಾರು ಬರಬೇಕು. ಆದಮೇಲೆ ಬೀಗ ಜಡಿಯುವುದು ನಮಗೆ ಹೊಸದಲ್ಲ: ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಲಾರಿಯ ಸಮೇತ ಕುಸಿಯಿತಲ್ಲ, ಆ ಮೇಲೆ ಅದರ ಎರಡೂ ತುದಿಗೆ ಯಾರೂ ಹೋಗದಂತೆ ಎಷ್ಟು ಭದ್ರವಾಗಿ ಅಡ್ಡಕಟ್ಟಿದ್ದರು! ಪರಿವೀಕ್ಷಕರ ವರದಿಯ ಕೊನೆಯ ಸಾಲು ಮಾತ್ರ ಮೊದಲೇ ಅಚ್ಚಾಗಿರುತ್ತದೆ: ‘ಮೃತನ ನಿರ್ಲಕ್ಷ್ಯವೇ ಕಾರಣ’. ಎಲ್ಲರಿಗೂ ನೋಟಿಸು ಕೊಟ್ಟು ನೋಡುತ್ತಾರೆ, ಉತ್ತರ ಬರೆಯದವನು ಅವನೊಬ್ಬನೇ.

ಇದೆಲ್ಲ ಓದಿ ಯಾರಾದರೂ ಮೇಲಧಿಕಾರಿಗೆ ಮನಸ್ಸು ಕರಗಿ ಬೀಗ ತರಿಸಿದರೆ ಏನಾಗುತ್ತದೆ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ. ಮೂರು ಕೊಟೇಶನ್ನು ಬರುತ್ತದೆ, ಮೂರೂ ಒಂದೇ ಕೈಬರಹದಲ್ಲಿ. ನಲವತ್ತು ಕೆಂಪು ಬೀಗ ಬರುತ್ತದೆ. ಅನುಕೂಲವಾಗಲೆಂದು ನಲವತ್ತಕ್ಕೂ ಒಂದೇ ಕೀಲಿ ಹೊಂದುವಂಥದ್ದನ್ನು ಆರಿಸಿರುತ್ತಾರೆ, ಅದರಲ್ಲಿ ರಿಯಾಯಿತಿ ಜಾಸ್ತಿ. ಪೂಜೆಯಾಗುತ್ತದೆ, ಬೀಗಕ್ಕೆ ಕುಂಕುಮ. ಮೂವತ್ತೆಂಟು ಕಪಾಟು ಸೇರುತ್ತವೆ. ಎರಡನ್ನು, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು, ಎಲೆಕ್ಟ್ರಿಶಿಯನ್ನಿಗೆ ಕೊಡುತ್ತಾರೆ. ಅವನು ನಿಜವಾಗಿ ಮೇನ್ ತೆಗೆದು, ಬೀಗ ಜಡಿದು, ಚೀಟಿ ಕಟ್ಟಿ, ಗುಂಡಿ ಒತ್ತಿ ನೋಡಿ, ಕ್ರಷರಿನೊಳಗೆ ಭುಜದವರೆಗೆ ಕೈ ಇಳಿಸುತ್ತಾನೆ. ಆಗ ಬಾಗಿಲಲ್ಲಿ ಸ್ಟೋರ್‌ಕೀಪರು ರಿಜಿಸ್ಟರು ಹಿಡಿದು ನಿಂತಿರುತ್ತಾರೆ.

‘ತಮ್ಮಾ, ಐದು ಗಂಟೆ ಆಯ್ತು. ಸ್ಟೋರ್ ಬಂದ್ ಮಾಡ್ತೆ, ಇವತ್ತಿನ ಬೀಗ ಇವತ್ತೇ ಜಮಾ ಆಗ್ಬೇಕು. ಇಲ್ದಿದ್ರೆ ಆಡಿಟಿಗೆ ಸಿಕ್ಕಿಬೀಳ್ತೆ. ನೀ ಏಳೂದು ಬೇಡ, ಕೆಲ್ಸ ಮಾಡ್ತಾ ಇರು. ಕೀಲಿ ನನ್ನ ಹತ್ರನೂ ಒಂದು ಅದೆ.’